ಗೋಡೆಯೊಳಗಿನ ಗಂಟು

"ಕತ್ತರಿಸ್ಬೇಡಿ! ಬರೀ ಬಣ್ಣ ಹೊಡೆದು ಮುಚ್ಚಿಬಿಡಿ ಅಂದ್ರೆ ಕೇಳಲ್ವಲ್ಲ ನೀವು!"

ಬಾಗಿಲಿಗೆ ಇಳಿಬಿಟ್ಟ ಪ್ಲಾಸ್ಟಿಕ್ ಪರದೆಯ ಆಚೆ ನಿಂತು ಕನ್ನಡಕದಂಗಡಿಯ ಯಜಮಾನ ಕೂಗುತ್ತಿದ್ದ. ಪರದೆ ಮಂಜಾಗಿತ್ತು. ಒಂದು ಬಿಳಿ ಅಂಗಿ, ಅದರ ಮುಂದೆ ಗಾಳಿಯಲ್ಲಿ ಆಡುವ ಎರಡು ಕೈ, ಅಷ್ಟೇ ಕಾಣುತ್ತಿತ್ತು.

ಬೂಷ್ಟಕ್ಕ ಗೋಡೆಗಿಟ್ಟ ಗರಗಸವನ್ನು ಹಿಂದಕ್ಕೆ ತೆಗೆಯಲಿಲ್ಲ.

ಮನೆ, ಅಂಗಡಿ, ಆಫೀಸು, ಎಲ್ಲಿ ಗೋಡೆಗೆ ಬೂಷ್ಟು ಹಿಡಿದರೂ ಬಿಡಿಸುವುದೇ ಅವಳ ಕಸುಬು. ಹಾಗಾಗಿ ಆ ಹೆಸರು. ಮೊದಲು ಬೆನ್ನ ಹಿಂದೆ ಕರೆಯುತ್ತಿದ್ದರು, ಈಗ ಎದುರಿಗೇ ಕರೆಯುತ್ತಾರೆ. ಅವಳೂ ಫೋನಿನಲ್ಲಿ "ಬೂಷ್ಟಕ್ಕ ಮಾತಾಡ್ತಿರೋದು" ಅನ್ನುತ್ತಾಳೆ.

ಈ ಗೋಡೆ ಅವಳಿಗೆ ಹೊಸದಲ್ಲ. ಚಳಿಗಾಲದಲ್ಲಿ ಇದನ್ನು ಬಿಚ್ಚಿ, ಉಜ್ಜಿ, ಒಣಗಿಸಿ, ಹೊಸ ಹಲಗೆ ಕೂರಿಸಿ, "ಇನ್ನು ಬರಲ್ಲ. ಬಂದ್ರೆ ನನ್ನನ್ನ ಕೇಳಿ" ಎಂದು ಮಾತು ಕೊಟ್ಟು ಹೋಗಿದ್ದಳು. ಈಗ ಬಂದಿತ್ತು. ಯಜಮಾನನ ಮಗಳು ಗುಬ್ಬಿ ಅಂಗಡಿಯ ಮೇಲಿನ ಈ ಕೋಣೆಯಲ್ಲೇ ಮಲಗಿ ಉಬ್ಬಸ ಹತ್ತಿ ಆಸ್ಪತ್ರೆ ಸೇರಿದ್ದಳು. ಇವತ್ತು ಸಂಜೆ ಮನೆಗೆ ಬರುತ್ತಾಳೆ. ಮತ್ತೆ ಇದೇ ಮಂಚಕ್ಕೆ.

ಮಗುವಿನ ತಾಯಿಯ ಫೋನು ಬಂದಾಗಿನಿಂದ ಬೂಷ್ಟಕ್ಕನಿಗೆ ಯಾವ ಕೆಲಸವೂ ನೆಟ್ಟಗೆ ಸಾಗಿರಲಿಲ್ಲ. ಬೆಳಿಗ್ಗೆ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಿದ್ದಳು. ತಟ್ಟೆಯ ಮುಂದೆ ಕೂತವಳು ಹಾಗೇ ಎದ್ದಿದ್ದಳು. ತಪ್ಪು ತನ್ನ ಕೈಯದೋ, ಗೋಡೆಯದೋ? ಒಳಗೆ ನೋಡದೆ ಅವಳ ಕಾಲು ನೆಲದ ಮೇಲೆ ನಿಲ್ಲುವ ಹಾಗಿರಲಿಲ್ಲ.

"ಅತ್ತಿಗೆ, ಯಜಮಾನ್ರು ಕೂಗಿ ಕೂಗಿ ಗಂಟಲು ಕೆಡಿಸ್ಕೊಂಡ್ರೆ ಅದನ್ನೂ ನಾವೇ ಕ್ಲೀನ್ ಮಾಡ್ಬೇಕಾ?" ಎಂದಳು ನಾದಿನಿ, ಹಲಗೆಗೆ ನೀರು ಸಿಂಪಡಿಸುತ್ತ. ಒಣ ಹಲಗೆ ಕೊಯ್ದರೆ ಧೂಳು ಹಾರುತ್ತದೆ, ಧೂಳಿನ ಜೊತೆ ಬೂಷ್ಟೂ ಹಾರುತ್ತದೆ. ಅದಕ್ಕೇ ಮೊದಲು ನೀರು, ಆಮೇಲೆ ಗರಗಸ.

"ನೀನು ಬಾಯಿ ಮುಚ್ಕೊಂಡು ನೀರು ಹೊಡಿ."

"ಬಾಯಿ ಮುಚ್ಚೇ ಇದೆಯಲ್ಲ! ನೀವೇ ಕಟ್ಟಿದೀರ." ನಾದಿನಿ ತನ್ನ ಮುಖವಾಡ ತಟ್ಟಿ ತೋರಿಸಿದಳು.

ಅದು ಅವರ ಕೆಲಸದ ಕಟ್ಟುಪಾಡು. ಯಾರೂ ತಮ್ಮ ಮುಖವಾಡವನ್ನು ತಾವೇ ಸಿದ್ಧ ಮಾಡಿಕೊಳ್ಳುವಂತಿಲ್ಲ. ನಿನ್ನದು ನಾನು, ನನ್ನದು ನೀನು. ಎರಡು ಕೆನ್ನೆಯ ಡಬ್ಬಿಗಳಿಗೂ ಫಿಲ್ಟರ್ ತುಂಬಿ, ಪಟ್ಟಿ ಬಿಗಿದು, ಹೆಗಲು ತಟ್ಟಿದ ಮೇಲೆಯೇ ಇನ್ನೊಬ್ಬರು ಒಳಗೆ ಹೋಗಬೇಕು. ತನ್ನದಾದರೆ ಸೋಮಾರಿತನ ಮಾಡುವ ಮನುಷ್ಯ, ಇನ್ನೊಬ್ಬರ ಉಸಿರಿನ ವಿಷಯದಲ್ಲಿ ಮಾಡಲಾರ. ಬೂಷ್ಟಕ್ಕನ ಗಂಡ ಮಾಡಿಟ್ಟ ನಿಯಮ ಅದು. ಮೂವರಿದ್ದಾಗಲೂ ಅವಳದನ್ನು ಕಟ್ಟುತ್ತಿದ್ದದ್ದು ನಾದಿನಿಯೇ. ಈ ಕೆಲಸವನ್ನು ಹೆಂಡತಿಗೂ ತಂಗಿಗೂ ಕಲಿಸಿದವನೂ ಅವನೇ.

ಅವನು ಈಗ ಇರಲಿಲ್ಲ. ಚಳಿಗಾಲದ ಕೊನೆಯಲ್ಲಿ ಒಂದು ದಿನ ಹೇಳದೆ ಕೇಳದೆ ಹೋದವನು ಇಂದಿಗೂ ಬಂದಿಲ್ಲ. ತಂಗಿಗೆ ಮಾತ್ರ ಒಮ್ಮೆ ಫೋನು ಮಾಡಿದ್ದನಂತೆ. "ಇನ್ನು ಬರಲ್ಲ, ಅತ್ತಿಗೆಗೆ ಹೇಳು" ಅಂದನಂತೆ. ಯಾಕೆ, ಏನು, ಯಾರ ಜೊತೆ, ಒಂದೂ ಇಲ್ಲ. "ಹಾಳಾಗ್ಲಿ ಬಿಡಿ ಅತ್ತಿಗೆ, ಅವನು ನನಗೂ ಅಣ್ಣ ಅಲ್ಲ" ಎಂದು ಆವತ್ತು ನಾದಿನಿ ಇವಳಿಗಿಂತ ಹೆಚ್ಚು ಅತ್ತಿದ್ದಳು.

ಗರಗಸ ಹಲಗೆಯೊಳಗೆ ಇಳಿಯಿತು.

ಹಲಗೆಯ ಚೌಕ ಕಳಚಿ ಬಂದಾಗ ಮಣ್ಣು, ಹಳೇ ಕಾಗದ, ಒದ್ದೆ ಚಪ್ಪಲಿ ಎಲ್ಲ ಕಲೆಸಿದಂಥ ವಾಸನೆ ಮೂಗಿಗೆ ಬಡಿಯಿತು. ಮುಖವಾಡದೊಳಕ್ಕೂ ಬಂತು. ಅಬ್ಬಾ, ಎಷ್ಟು ದಟ್ಟವಾಗಿರಬೇಕು ಅಂದುಕೊಂಡಳು ಬೂಷ್ಟಕ್ಕ. ಒಂದೆರಡು ಸಲ ಕೆಮ್ಮಿದಳು. ಚಳಿಗಾಲದಲ್ಲಿ ಬಂದು ಹೋಗಿದ್ದ ಕೆಮ್ಮು ಈಚೆಗೆ ಮತ್ತೆ ಹತ್ತಿತ್ತು. ಚಿಂತೆಯ ಕೆಮ್ಮು, ಔಷಧಿಗೆ ಹೋಗುವಂಥದ್ದಲ್ಲ ಅಂದುಕೊಂಡು ಸುಮ್ಮನಿದ್ದಳು.

ಹಲಗೆಯ ಬೆನ್ನು ಕಪ್ಪಾಗಿತ್ತು. ಮಸಿಯಲ್ಲಿ ಅದ್ದಿದ ಹತ್ತಿಯ ಹಾಗೆ ಬೂಷ್ಟು ಉಬ್ಬಿ ನಿಂತಿತ್ತು. ಆದರೆ ಹಿಂದಿನ ಇಟ್ಟಿಗೆ?

ಕೈಗವಸಿನ ಅಂಗೈಯನ್ನು ಇಟ್ಟಿಗೆಗೆ ಒತ್ತಿದಳು. ತೇವ ನೋಡುವ ಯಂತ್ರದ ಎರಡು ಮುಳ್ಳು ಚುಚ್ಚಿದಳು. ಇಟ್ಟಿಗೆ ಒಣಗಿತ್ತು, ಬೇಸಿಗೆಯ ಬೀದಿಯ ಹಾಗೆ.

"ನಲ್ಲಿ ಪೈಪು ಒಡೆದಿಲ್ಲ," ಎಂದಳು ತನಗೇ ಎಂಬಂತೆ. "ಮೇಲಿಂದ ಸೋರಿಲ್ಲ. ಹೊರಗಿಂದ ಬಂದಿಲ್ಲ. ಮತ್ತೆ ನೀರು ಎಲ್ಲಿಂದ ಬಂತು?"

"ಗೋಡೆ ಅತ್ತಿರ್ಬೇಕು," ಎಂದಳು ನಾದಿನಿ. ಬೂಷ್ಟಕ್ಕ ನಗಲಿಲ್ಲ.

ಟಾರ್ಚು ಹಿಡಿದು ಹಲಗೆಗೂ ಇಟ್ಟಿಗೆಗೂ ನಡುವಿನ ಸಂದಿಯಲ್ಲಿ ಕಣ್ಣು ಹಾಯಿಸಿದಳು. ಕೆಳಗೆ, ಮೂಲೆಯಲ್ಲಿ, ಏನೋ ಕೂತಿತ್ತು. ಇಲಿಯಲ್ಲ. ಉದುರಿದ ಗಾರೆಯಲ್ಲ. ಕೈ ತೂರಿಸಿ ಎಳೆದಳು.

ಗಂಟು. ದಪ್ಪ ಹೊದಿಕೆಯೊಂದನ್ನು ಮಡಿಸಿ ಮಡಿಸಿ ಸುತ್ತಿದ ಗಂಟು. ಅಂಚು ಒಣಗಿ ಬಿರುಸಾಗಿತ್ತು. ಆದರೆ ಒತ್ತಿದರೆ ಮಡಿಕೆಯ ಒಳಗೆ ಇನ್ನೂ ತಣ್ಣಗೆ, ಜಿಗುಟಾಗಿ ತೇವ. ಯಾರೋ ಹೊದಿಕೆಯನ್ನು ನೀರಿನಲ್ಲಿ ಅದ್ದಿ, ಬೇಕೆಂದೇ ತಂದು ಇಲ್ಲಿ ಇಟ್ಟಿದ್ದರು.

ನಾದಿನಿಯ ಕೈಯ ಸಿಂಪಡಿಕೆ ನಿಂತಿತು.

"ಚೀಲಕ್ಕೆ ಹಾಕಿ ಅತ್ತಿಗೆ," ಎಂದಳು. ಅವಳ ದನಿಯಲ್ಲಿ ಈಗ ತಮಾಷೆ ಇರಲಿಲ್ಲ. "ಗೋಡೆಯಿಂದ ಬಂದದ್ದು ಬಿಚ್ಚಬಾರದು, ನೇರ ಚೀಲಕ್ಕೆ. ನಮ್ಮದೇ ನಿಯಮ ಅಲ್ವಾ? ಕೊಡಿ, ನಾನು ವ್ಯಾನಿಗೆ ಹಾಕಿ ಬರ್ತೀನಿ."

ಮಾತು ಸರಿಯಾಗಿಯೇ ಇತ್ತು. ಬೂಷ್ಟಕ್ಕ ಗಂಟನ್ನು ಅರ್ಧ ಚಾಚಿದಳು. ಅಷ್ಟರಲ್ಲಿ ಟಾರ್ಚಿನ ಬೆಳಕು ಗಂಟಿಗೆ ಸುತ್ತಿದ್ದ ಟೇಪಿನ ತುದಿಯ ಮೇಲೆ ಬಿತ್ತು. ಚಾಚಿದ ಕೈ ಹಾಗೇ ಹಿಂದಕ್ಕೆ ಬಂತು.

ಕೈಗವಸು ಹಾಕಿ ಕೆಲಸ ಮಾಡುವವರು ಟೇಪಿನ ತುದಿಯನ್ನು ಹಾಗೇ ಅಂಟಿಸುವುದಿಲ್ಲ. ಅಂಟಿಸಿದರೆ ಮತ್ತೆ ಬಿಡಿಸಲು ಉಗುರು ಸಿಗುವುದಿಲ್ಲ. ಅದಕ್ಕೆ ತುದಿಯನ್ನು ಒಂದಿಷ್ಟು ಮಡಿಸಿ ಬಿಡುತ್ತಾರೆ. ಬೂಷ್ಟಕ್ಕ ನೆಟ್ಟಗೆ ಮಡಿಸುತ್ತಾಳೆ. ನಾದಿನಿಯೂ ನೆಟ್ಟಗೇ. ಈ ತುದಿ ಮಾತ್ರ ಎರಡು ಕಡೆಯಿಂದ ಮಡಿಸಿ, ಕಾಗದದ ದೋಣಿಯ ಮೂತಿಯ ಹಾಗೆ ಚೂಪಾಗಿತ್ತು.

ಹಾಗೆ ಮಡಿಸುವ ಮನುಷ್ಯ ಅವಳಿಗೆ ಗೊತ್ತಿದ್ದದ್ದು ಒಬ್ಬನೇ. ಗರಗಸಕ್ಕೆ ಸಿಕ್ಕಿ ಅವನ ಹೆಬ್ಬೆರಳ ತುದಿ ಹೋಗಿತ್ತು. ನೆಟ್ಟಗಿನ ಮಡಿಕೆ ಅವನ ಹಿಡಿತಕ್ಕೆ ಸಿಗುತ್ತಿರಲಿಲ್ಲ.

"ನಿಮ್ಮಣ್ಣ," ಎಂದಳು ಬೂಷ್ಟಕ್ಕ.

"ಯಾರು? ಎಲ್ಲಿ?"

"ಇಲ್ಲಿ ನೋಡೇ. ಇದು ನಿಮ್ಮಣ್ಣನ ಕೈ."

ನಾದಿನಿ ನೋಡಿದಳು. ಸಿಂಪಡಿಕೆಯ ಬಾಟಲಿಯನ್ನು ನೆಲಕ್ಕಿಟ್ಟಳು.

ಬೂಷ್ಟಕ್ಕ ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡೇ ಪರದೆಯ ಬಳಿ ಹೋದಳು. ಕಿಟಕಿಯಲ್ಲಿ ಗಾಳಿಯನ್ನು ಹೊರಕ್ಕೆ ಎಳೆಯುವ ಯಂತ್ರ ಗುಂಯ್‌ಗುಡುತ್ತಿತ್ತು. ಗಂಟಲೆತ್ತಿ ಮಾತಾಡಬೇಕಾಯಿತು.

"ಯಜಮಾನ್ರೆ, ನಾವು ಗೋಡೆ ಮುಚ್ಚಿ ಹೋದ ಮೇಲೆ ಇಲ್ಲಿಗೆ ಯಾರು ಬಂದಿದ್ರು?"

"ಯಾರು ಬರ್ತಾರೆ? ಯಾರೂ ಬಂದಿಲ್ಲ."

"ಗೋಡೆ ಬಿಚ್ಚಿ ಮತ್ತೆ ಮುಚ್ಚಿದಾರೆ."

"ನಿಮ್ಮ ಕೆಲಸ ನೆಟ್ಟಗಿರ್ಲಿಲ್ಲ, ಅದನ್ನ ಹೇಳಿ! ಮಾತು ಕೊಟ್ಟು ಹೋದೋರು ನೀವು. ನನ್ನ ಮಗಳು ಉಸಿರಿಗೆ ಒದ್ದಾಡ್ತಿದಾಳೆ, ನೀವು ಯಾರು ಬಂದ್ರು ಯಾರು ಹೋದ್ರು ಅಂತ ಕಥೆ ಕೇಳ್ತೀರಾ? ನಿಮ್ಮ ಅಂಗಡಿ ಬಾಗಿಲು ಹಾಕಿಸದಿದ್ರೆ ಕೇಳಿ!"

"ಹಾಕಿಸಿ. ತಪ್ಪು ನಂದಾದ್ರೆ ನಾನೇ ಬೀಗ ತಂದುಕೊಡ್ತೀನಿ." ಬೂಷ್ಟಕ್ಕ ಪರದೆಗೆ ಮುಖ ಹತ್ತಿರ ತಂದಳು. "ಒಂದು ಮಾತು ಹೇಳಿ. ಮಗು ಆಸ್ಪತ್ರೆಲಿದೆ. ಯಾವ ಅಪ್ಪನಾದ್ರೂ ಏನಂತಾನೆ? ಗೋಡೆ ಒಡೀರಿ, ಮನೆ ಒಡೀರಿ, ನನ್ನ ಮಗು ಉಳಿಸಿ ಅಂತಾನೆ. ನೀವು ಬೆಳಿಗ್ಗೆಯಿಂದ ಗೋಡೆ ಮುಟ್ಟಬೇಡಿ, ಬಣ್ಣ ಹೊಡೀರಿ ಅಂತಿದೀರಿ. ಯಾಕೆ?"

ಆಡುತ್ತಿದ್ದ ಕೈಗಳು ನಿಂತವು.

"ಒಳಗೆ ಏನೋ ಇದೆ ಅಂತ ಗೊತ್ತಿದ್ದೋರು ಮಾತ್ರ ಹಾಗನ್ನೋದು. ಕುಂಬಳಕಾಯಿ ಕಳ್ಳ ಅಂದ್ರೆ ನೀವು ಯಾಕೆ ಹೆಗಲು ಮುಟ್ಟಿ ನೋಡ್ಕೊಂಡ್ರಿ?"

ಬಿಳಿ ಅಂಗಿ ಕುಸಿಯಿತು. ಅವನು ಅಲ್ಲೇ, ಹೊಸ್ತಿಲ ಆಚೆ, ನೆಲದ ಮೇಲೆ ಕೂತುಬಿಟ್ಟಿದ್ದ.

"ಅವರು ಬಂದಿದ್ರು," ಎಂದ. ದನಿ ಇಳಿದುಹೋಗಿತ್ತು. ಬೂಷ್ಟಕ್ಕ ಕೇಳಿಸಿಕೊಳ್ಳಲು ಮಂಡಿಯೂರಬೇಕಾಯಿತು. "ನಿಮ್ಮ ಯಜಮಾನ್ರು. ನೀವೆಲ್ಲ ಮುಗಿಸಿ ಹೋದ ಮಾರನೇ ದಿನ. ಒಂದು ಮೂಲೆ ಬಿಟ್ಟುಹೋಗಿದೆ ಅಂದ್ರು. ಒಬ್ರೇ ಬಿಚ್ಚಿದ್ರು, ಒಬ್ರೇ ಮುಚ್ಚಿದ್ರು. ಹೋಗುವಾಗ ನನ್ನ ಕೈ ಹಿಡ್ಕೊಂಡ್ರು."

"ಏನಂದ್ರು?"

"ಬೂಷ್ಟು ಬರುತ್ತೆ ಅಂದ್ರು. ಬರದೆ ಇರಲ್ಲ, ಬಂದಾಗ ಬೇರೆ ಯಾರನ್ನೂ ಕರೀಬೇಡಿ, ಅವಳನ್ನೇ ಕರೀರಿ. ಅವಳೇ ಬಿಚ್ಚಬೇಕು. ಅಲ್ಲೀವರೆಗೆ ಯಾರಿಗೂ ಹೇಳ್ಬೇಡಿ, ಅವರ ಮನೇಲಿರೋ ಯಾರಿಗೂ ಬೇಡ ಅಂದ್ರು. ಯಾಕೆ ಅಂತ ಕೇಳೋ ಧೈರ್ಯ ಆಗ್ಲಿಲ್ಲ ನನಗೆ."

ಬೂಷ್ಟಕ್ಕ ಮಗುವಿನ ಮಂಚದ ಕಡೆ ತಿರುಗಿ ನೋಡಿದಳು. "ಅದು ಗೊತ್ತಿದ್ದೂ ಮಗೂನ ಇಲ್ಲಿ ಮಲಗಿಸಿದ್ರಾ?"

"ಆಗ ಇದು ಸಾಮಾನು ಕೋಣೆ! ಹಳೇ ಫ್ರೇಮು, ಮುರಿದ ಕುರ್ಚಿ ಬಿಟ್ರೆ ಇಲ್ಲಿ ಯಾರೂ ಕಾಲಿಡ್ತಿರ್ಲಿಲ್ಲ. ಅವರೂ ನೋಡ್ಕೊಂಡೇ ಇಟ್ಟಿದ್ದು. 'ಇಲ್ಲಿ ಯಾರೂ ಮಲಗಲ್ಲ ತಾನೇ?' ಅಂತ ಎರಡೆರಡು ಸಲ ಕೇಳಿದ್ರು. ಆಮೇಲೆ ಗುಬ್ಬಿ ನನಗೂ ಒಂದು ಕೋಣೆ ಬೇಕು ಅಂತ ಹಟ ಹಿಡಿದ್ಲು. ಕಿಟಕಿಗೆ ಹಳದಿ ಪರದೆ ಹಾಕಿದ್ವಿ. ನಾನು..." ಅವನ ಮಾತು ತುಂಡಾಯಿತು. "ಮರೆತೇಬಿಟ್ಟೆ ಅಕ್ಕಾ. ಆಣೆ ಮಾಡಿ ಹೇಳ್ತೀನಿ, ಮರೆತೇಬಿಟ್ಟೆ. ಅವಳು ಕೆಮ್ಮೋಕೆ ಶುರು ಮಾಡಿದ ದಿನ ನೆನಪಾಯ್ತು. ಆಗ ಹೇಳಿದ್ರೆ ನನ್ನ ಹೆಂಡತಿ ನನ್ನ ಮುಖ ನೋಡ್ತಾಳಾ? ನಿಮ್ಮನ್ನ ಕರೆದಿದ್ದು ನಾನಲ್ಲ, ಅವಳು."

ಅವನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಎತ್ತಿ ಕೇಳಿದ. "ಹೊರಟ್ರಾ? ಈಗ್ಲೇನಾ?" ಎಂದ. ಎದ್ದು ನಿಂತ. "ಆಸ್ಪತ್ರೆಯಿಂದ ಬಿಟ್ರಂತೆ. ಆಟೋ ಹತ್ತಿದಾರೆ."

"ಮೇಲಕ್ಕೆ ಕರ್ಕೊಂಡು ಬರ್ಬೇಡಿ," ಎಂದಳು ಬೂಷ್ಟಕ್ಕ. "ಅಂಗಡಿಯಲ್ಲೇ ಕೂರಿಸಿ. ಇವತ್ತು, ನಾಳೆ, ಈ ಮೆಟ್ಟಿಲು ಹತ್ತಬಾರದು ಅವಳು. ಮತ್ತೆ... ಹೆಂಡತಿಗೆ ನೀವೇ ಹೇಳಿ. ಬೇರೆಯವರ ಬಾಯಿಂದ ಗೊತ್ತಾಗೋದು ಬೇಡ."

ಚಪ್ಪಲಿ ಸದ್ದು ಮೆಟ್ಟಿಲು ಇಳಿದುಹೋಯಿತು. ಕೋಣೆಯಲ್ಲಿ ಈಗ ಇಬ್ಬರೇ. ಯಂತ್ರದ ಗುಂಯ್‌ಗುಟ್ಟುವಿಕೆ ಇನ್ನೂ ಜೋರಾಗಿ ಕೇಳಿದ ಹಾಗಾಯಿತು.

ಬೂಷ್ಟಕ್ಕ ಗಂಟನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದಳು. ಅವಳ ತಲೆಯೊಳಗೆ ಒಂದೊಂದೇ ತಿರುಪು ಸಡಿಲವಾಗುತ್ತಿತ್ತು.

ಒದ್ದೆ ಬಟ್ಟೆಯನ್ನು ಗೋಡೆಯಲ್ಲಿ ಮುಚ್ಚಿದರೆ ಏನಾಗುತ್ತದೆಂದು ಅವನಿಗೆ ಗೊತ್ತಿಲ್ಲವೇ? ಈ ಕಸುಬಿನಲ್ಲಿ ಮೊದಲ ದಿನ ಬಂದವನಿಗೂ ಗೊತ್ತು. ಒದ್ದೆ ಇಟ್ಟು ಮುಚ್ಚಬೇಡ, ಮುಚ್ಚಿದರೆ ಬೂಷ್ಟು ತಾನಾಗಿ ಕೂಗಿ ಕರೆಯುತ್ತದೆ. ಅವನೇ ಹೇಳಿಕೊಟ್ಟ ಪಾಠ.

ಕೂಗಿ ಕರೆಯಲಿ ಅಂತಲೇ ಇಟ್ಟಿದ್ದ.

ಒಂದು ದಿನ ಈ ಗೋಡೆ ಕಪ್ಪಾಗುತ್ತದೆ, ಕಪ್ಪಾದಾಗ ಅವಳು ಬರುತ್ತಾಳೆ, ಅವಳು ಬಂದರೆ ಬಣ್ಣ ಹೊಡೆದು ಹೋಗುವವಳಲ್ಲ, ಬಿಚ್ಚಿಯೇ ಬಿಚ್ಚುತ್ತಾಳೆ. ಆಗ ಇದು ಅವಳ ಕೈಗೇ ಸಿಗುತ್ತದೆ. ಇದೇ ಅವನ ಲೆಕ್ಕ. ಲೆಕ್ಕ ತಪ್ಪಿದ್ದು ಒಂದೇ ಕಡೆ, ಹಳದಿ ಪರದೆಯ ಕಡೆ.

ಆದರೆ ಇಷ್ಟು ಕಷ್ಟ ಯಾಕೆ? ಹೆಂಡತಿಗೆ ಕೊಡಬೇಕಾದ್ದನ್ನು ಮನೆಯಲ್ಲೇ ಕೊಡಬಹುದಿತ್ತು. ಬೀರುವಿನಲ್ಲಿ ಇಡಬಹುದಿತ್ತು. ಅಡುಗೆಮನೆಯ ಡಬ್ಬಿಯಲ್ಲಿ ಇಡಬಹುದಿತ್ತು. ಮನೆಯೊಳಗೆ ಯಾರ ಕಣ್ಣಿಗೆ ಬೀಳಬಾರದಿತ್ತು?

"ಅತ್ತಿಗೆ," ಎಂದಳು ನಾದಿನಿ. ಅವಳು ವ್ಯಾನಿಗೆ ಹೊರಟವಳ ಹಾಗೆ ಪರದೆಯ ಜಿಪ್ಪು ತೆರೆದು ನಿಂತಿದ್ದಳು. "ಬಿಚ್ಚಬೇಡಿ. ಆ ಬಟ್ಟೆ ತುಂಬ ಬೂಷ್ಟು. ನಿಮಗೆ ಮೊದಲೇ ಕೆಮ್ಮು. ಮನೆಗೆ ಹೋಗಿ ನೋಡೋಣ, ಕೊಡಿ."

"ಮುಖವಾಡ ಇದೆಯಲ್ಲ."

"ಇದ್ರೂ."

"ನೀನೇ ಕಟ್ಟಿದೀಯ. ನಿನ್ನ ಕೈ ಮೇಲೆ ನನಗೆ ನಂಬಿಕೆ ಇದೆ." ಎಂದಿನ ಮಾತು, ದಿನವೂ ಆಡುವ ಮಾತು. ಆಡಿದ ಮೇಲೆ ಮಾತ್ರ ಯಾಕೋ ಅದು ಅವಳ ಕಿವಿಗೇ ತಾಗಿತು.

ಬೂಷ್ಟಕ್ಕ ದೋಣಿಯ ಮೂತಿಯನ್ನು ಹಿಡಿದು ಎಳೆದಳು. ಟೇಪು ಸರ್ರನೆ ಬಿಚ್ಚಿಕೊಂಡಿತು.

ಹೊದಿಕೆಯ ಮಡಿಕೆಯೊಳಗೆ ಪ್ಲಾಸ್ಟಿಕ್ ಚೀಲ. ಚೀಲದೊಳಗೆ ಇನ್ನೊಂದು ಚೀಲ. ಒಳಗಿನದು ಒಣಗಿತ್ತು. ಅವನು ಹೊರಗೆ ಒದ್ದೆ ಮಾಡಿ ಒಳಗೆ ಕಾಪಾಡಿದ್ದ. ಅದರೊಳಗೆ ಕೈಹಾಕಿ ಅವಳು ತೆಗೆದದ್ದು ಒಂದು ಮುಖವಾಡ.

ಹಳೆಯದು. ಪಟ್ಟಿಯ ಕೊನೆಯಲ್ಲಿ ಕೆಂಪು ದಾರದ ಗಂಟು. ಆ ದಾರ ಕಟ್ಟಿದವಳು ಅವಳೇ, ಮೂರು ಮುಖವಾಡಗಳ ನಡುವೆ ತನ್ನದು ಗೊತ್ತಾಗಲಿ ಎಂದು. ಚಳಿಗಾಲದಲ್ಲಿ ಕಾಣೆಯಾಗಿತ್ತು. "ಎಲ್ಲೋ ಬಿದ್ದುಹೋಯ್ತು ಅತ್ತಿಗೆ, ಹೊಸದು ತಗೊಳ್ಳಿ" ಅಂದಿದ್ದಳು ನಾದಿನಿ. ಹೊಸದು ಹಾಕಿಕೊಂಡ ಮೇಲೆ ಕೆಮ್ಮು ಹೋಗಿತ್ತು. ಅವಳು ಅದನ್ನೂ ಇದನ್ನೂ ಎಂದೂ ಜೋಡಿಸಿ ನೋಡಿರಲಿಲ್ಲ.

ಕೆನ್ನೆಯ ಡಬ್ಬಿಯ ಮುಚ್ಚಳ ತಿರುಗಿಸಿದಳು. ಒಳಗೆ ಫಿಲ್ಟರ್ ಇರಬೇಕಾದ ಕಡೆ ಏನೂ ಇರಲಿಲ್ಲ. ಚಾಕುವಿನಲ್ಲಿ ಗುಂಡಗೆ, ನೀಟಾಗಿ, ಕಿತ್ತಳೆಯ ತಿರುಳು ತೆಗೆದ ಹಾಗೆ ಕೊರೆದು ತೆಗೆದಿದ್ದರು. ಅಂಚಿನ ಉಂಗುರವನ್ನು ಮಾತ್ರ ಬಿಟ್ಟಿದ್ದರು, ಹೊರಗಿಂದ ನೋಡಿದರೆ ತುಂಬಿದೆ ಅನ್ನಿಸಲಿ ಎಂದು. ಇನ್ನೊಂದು ಕೆನ್ನೆಯೂ ಹಾಗೇ.

ಇದು ಕಾಣೆಯಾಗುವವರೆಗೂ ಅವಳು ಎಲ್ಲರ ಮನೆಯ ಬೂಷ್ಟನ್ನು ಹೀಗೆ ಕುಡಿದಿದ್ದಳು. ಯಾರದೋ ಕೈ ದಿನಾ ಬೆಳಿಗ್ಗೆ ಈ ಪೊಳ್ಳು ಡಬ್ಬಿಯನ್ನು ಅವಳ ಮುಖಕ್ಕೆ ಬಿಗಿದು, ಹೆಗಲು ತಟ್ಟಿ ಕಳಿಸಿತ್ತು.

ನಿನ್ನದು ನಾನು. ನನ್ನದು ನೀನು.

ಬೂಷ್ಟಕ್ಕ ತಲೆ ಎತ್ತಲಿಲ್ಲ. ಎತ್ತಿದರೆ ಕಣ್ಣು ಎಲ್ಲವನ್ನೂ ಹೇಳಿಬಿಡುತ್ತದೆ. ಅವನು ಇನ್ನು ಬರಲ್ಲ ಅಂದನೆಂಬ ಆ ಫೋನನ್ನೂ ಕೇಳಿದವಳು ನಾದಿನಿ ಒಬ್ಬಳೇ. ಕೆಳಗೆ ಬೀದಿಯಲ್ಲಿ ಆಟೋ ನಿಂತ ಸದ್ದಾಯಿತು. ಪುಟ್ಟದೊಂದು ಕೆಮ್ಮು, ಅದರ ಹಿಂದೆಯೇ "ಅಪ್ಪಾ!" ಎಂಬ ಕೂಗು.

ಗಂಡ ಹೇಳುತ್ತಿದ್ದ ಇನ್ನೊಂದು ಮಾತು ಅವಳಿಗೆ ನೆನಪಾಯಿತು. ಒಳ್ಳೇ ಫಿಲ್ಟರ್ ಸುಮ್ಮನೆ ಉಸಿರು ಕೊಡಲ್ಲ ಕಣೇ. ಎಳೆದು ತಗೋಬೇಕು. ವಾಸನೆ ಅಂತೂ ಹತ್ತಿರ ಬರಬಾರದು.

ಅವಳು ಮೆಲ್ಲಗೆ ಒಂದು ಉಸಿರು ಒಳಗೆ ತೆಗೆದುಕೊಂಡಳು. ಈಗ, ಮುಖದ ಮೇಲಿದ್ದ ಹೊಸ ಮುಖವಾಡದ ಒಳಗಿಂದ.

ಮಣ್ಣು, ಹಳೇ ಕಾಗದ, ಒದ್ದೆ ಚಪ್ಪಲಿ.

ಉಸಿರು ಸಲೀಸಾಗಿ ಬಂತು. ತೀರ ಸಲೀಸಾಗಿ.

ಹಿಂದುಗಡೆ, ಪರದೆಯ ಜಿಪ್ಪು ಮೇಲಿಂದ ಕೆಳಕ್ಕೆ, ನಿಧಾನವಾಗಿ, ಒಳಗಿನಿಂದಲೇ ಮುಚ್ಚಿಕೊಳ್ಳುವ ಸದ್ದು ಕೇಳಿಸಿತು.